ಕ್ಯಾನ್ಸರ್ ಆರೈಕೆಯಲ್ಲಿ ಮೊಬೈಲ್ ಆ್ಯಪ್: ವಿನ್ಯಾಸದ ಕೆಲವು ತತ್ತ್ವಗಳು

ಕ್ಯಾನ್ಸರ್ ಚಿಕಿತ್ಸೆಯ ಬಹುಭಾಗ ಇಂದು ಹೊರರೋಗಿ ವಿಭಾಗದಲ್ಲಿಯೇ ನಡೆಯುತ್ತದೆ. ಕಿಮೊಥೆರಪಿಯ ಒಂದು ಸುತ್ತನ್ನು ಮುಗಿಸಿ ಮನೆಗೆ ಮರಳಿದ ರೋಗಿ ಮುಂದಿನ ಸುತ್ತಿಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ವಾರ ಕಾಯಬೇಕಾಗುತ್ತದೆ. ವಾಕರಿಕೆ, ಬಾಯಿಹುಣ್ಣು, ಭೇದಿ, ಜ್ವರ ಮೊದಲಾದ ತೊಂದರೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಅವಧಿಯಲ್ಲಿ; ರೋಗಿಯು ವೈದ್ಯರ ಕಣ್ಣಿನಿಂದ ದೂರವಿರುವುದೂ ಇದೇ ಅವಧಿಯಲ್ಲಿ. ಈ ಅಂತರವನ್ನು ತುಂಬುವ ಸಾಧನವಾಗಿ ಮೊಬೈಲ್ ಆ್ಯಪ್‌ಗಳು ಬಳಕೆಗೆ ಬಂದಿವೆ. ಅವುಗಳ ಸಾರ್ಥಕತೆಯು ಪರದೆಯ ಅಂದಕ್ಕಿಂತ ಮಿಗಿಲಾಗಿ, ರೋಗಿ ಹೇಳಿಕೊಂಡ ತೊಂದರೆಗೆ ಆಸ್ಪತ್ರೆಯಲ್ಲಿ ಯಾರು, ಎಷ್ಟು ಬೇಗ ಸ್ಪಂದಿಸುತ್ತಾರೆ ಎಂಬುದನ್ನು ಅವಲಂಬಿಸಿದೆ.

ಈ ಮಾತಿಗೆ ಆಧಾರವಾಗಿರುವ ಪ್ರಮುಖ ಅಧ್ಯಯನ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ನಡೆಯಿತು. ಈಥನ್ ಬಾಶ್ ಮತ್ತು ಸಂಗಡಿಗರು 2007ರಿಂದ 2011ರ ಅವಧಿಯಲ್ಲಿ, ದೇಹದ ಇತರ ಭಾಗಗಳಿಗೂ ಹರಡಿದ ಕ್ಯಾನ್ಸರಿನಿಂದ ಬಳಲುತ್ತಿದ್ದ 766 ರೋಗಿಗಳನ್ನು ಇದಕ್ಕೆ ಆಯ್ದುಕೊಂಡರು. ಒಂದು ಗುಂಪಿಗೆ ಎಂದಿನ ಆರೈಕೆ ದೊರೆಯಿತು. ಇನ್ನೊಂದು ಗುಂಪಿನವರು 12 ಸಾಮಾನ್ಯ ಲಕ್ಷಣಗಳನ್ನು ಗಣಕದ ಮೂಲಕ ತಾವೇ ದಾಖಲಿಸಿದರು. ಮನೆಯಿಂದ ಕಳುಹಿಸಿದ ವರದಿಯಲ್ಲಿ ಲಕ್ಷಣವೊಂದು ಉಲ್ಬಣಿಸಿದ್ದು ಕಂಡರೆ ದಾದಿಯರಿಗೆ ಮಿಂಚಂಚೆಯ ಎಚ್ಚರಿಕೆ ತಲಪುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಲಕ್ಷಣಗಳನ್ನು ದಾಖಲಿಸಿದವರ ಬದುಕುಳಿವಿನ ಮಧ್ಯಾಂಕ 31.2 ತಿಂಗಳು, ಉಳಿದವರದು 26 ತಿಂಗಳು. ಎಚ್ಚರಿಕೆಗಳ ಪೈಕಿ ಶೇಕಡಾ 77ಕ್ಕೆ ದಾದಿಯರು ನಿರ್ದಿಷ್ಟ ಕ್ರಮ ಕೈಗೊಂಡಿದ್ದರು ಎಂಬುದು ಇಲ್ಲಿ ಗಮನಾರ್ಹ. ಗಣಕದ ಪೂರ್ವಪರಿಚಯವಿಲ್ಲದವರಿಗೆ ಹೆಚ್ಚಿನ ಪ್ರಯೋಜನವಾಯಿತೆಂದು 2016ರ ವರದಿ ತಿಳಿಸುತ್ತದೆ. ಆದ್ದರಿಂದ ಇಂಥ ಸಾಧನ ಓದುಬಲ್ಲ ನಗರವಾಸಿಗಳಿಗೆ ಮಾತ್ರ ಸಲ್ಲುವುದೆಂಬ ಊಹೆ ನಿಲ್ಲುವುದಿಲ್ಲ.

ಆದರೂ ಫಲ ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಅಮೆರಿಕದ 52 ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಪ್ರೊ-ಟೆಕ್ಟ್ ಅಧ್ಯಯನದಲ್ಲಿ ರೋಗಿಗಳು ಅಂತರ್ಜಾಲದ ಮೂಲಕವಾಗಲಿ, ಸ್ವಯಂಚಾಲಿತ ದೂರವಾಣಿ ಕರೆಯ ಮೂಲಕವಾಗಲಿ ಉತ್ತರಿಸಬಹುದಾಗಿತ್ತು. ಅಲ್ಲಿ ದೈಹಿಕ ಸಾಮರ್ಥ್ಯ ಹಾಗೂ ಲಕ್ಷಣಗಳ ನಿಯಂತ್ರಣ ಸುಧಾರಿಸಿದವು. 2025ರ ಅಂತಿಮ ವರದಿಯಲ್ಲಿ ಬದುಕುಳಿವಿನ ಅವಧಿಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ವಿನ್ಯಾಸಕಾರರು ಮೊದಲು ಗಮನಿಸಬೇಕಾದುದು ಪ್ರಶ್ನೆಗಳ ಆಯ್ಕೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ರೂಪಿಸಿದ ಪ್ರೊ-ಸಿಟಿಸಿಎಇ ಪ್ರಶ್ನಕೋಶದಲ್ಲಿ 78 ಲಕ್ಷಣಗಳಿಗೆ ಸಂಬಂಧಿಸಿದ 124 ಪ್ರಶ್ನೆಗಳಿವೆ. ಬಳಲಿದ ರೋಗಿಯನ್ನು ವಾರವಾರವೂ ಇವೆಲ್ಲವನ್ನೂ ಕೇಳಲಾಗದು. ಆಯಾ ಔಷಧಿಗೆ ತಕ್ಕ ಹತ್ತು ಹನ್ನೆರಡನ್ನು ಆರಿಸಿಕೊಳ್ಳಬೇಕು. ಭಾಷೆಯೂ ಅಷ್ಟೇ ಮುಖ್ಯ. 'ನರಸಂಬಂಧಿ ತೊಂದರೆ ಇದೆಯೇ?' ಎಂದರೆ ಇಲ್ಲವೆನ್ನುವವರು 'ಕೈಕಾಲು ಜೋಮು ಹಿಡಿಯುತ್ತದೆಯೇ, ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತದೆಯೇ?' ಎಂದರೆ ಹೌದೆನ್ನಬಹುದು. ಪ್ರಶ್ನೆಯನ್ನು ರೋಗಿಗಳಿಂದಲೇ ಅವರ ಮಾತಿನಲ್ಲಿ ಮರಳಿ ಹೇಳಿಸಿ ನೋಡದೆ ಅನುವಾದವನ್ನು ಅಂಗೀಕರಿಸಬಾರದು.

ಎರಡನೆಯದು ತುರ್ತಿನ ವಿವೇಚನೆ. ಕಿಮೊಥೆರಪಿಯಿಂದ ಬಿಳಿ ರಕ್ತಕಣಗಳು ಕುಗ್ಗಿರುವಾಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವು ಗಂಟೆಗಳೊಳಗೆ ಪ್ರಾಣಾಪಾಯ ತರಬಲ್ಲ ಸೋಂಕಿನ ಕುರುಹಾಗಿರಬಹುದು. ಅದನ್ನು ವಾರದ ವರದಿಗೆ ಸೇರಿಸಿ ಸುಮ್ಮನಾಗುವ ಆ್ಯಪ್ ರೋಗಿಯಲ್ಲಿ ಹುಸಿ ಭರವಸೆ ಹುಟ್ಟಿಸುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬ ಸೂಚನೆ ಪರದೆಯ ಮೇಲೆ ಮೂಡಬೇಕು. ರಾತ್ರಿ ವೇಳೆ ವರದಿಗಳನ್ನು ನೋಡುವವರಿಲ್ಲದಿದ್ದರೆ ಆ ಸಂಗತಿಯನ್ನೂ ಮುಚ್ಚಿಡಬಾರದು.

ಮೂರನೆಯದು ಕೌಟುಂಬಿಕ ಸನ್ನಿವೇಶ. ನಮ್ಮಲ್ಲಿ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವುದುಂಟು. ರೋಗದ ಹೆಸರನ್ನು ರೋಗಿಯಿಂದಲೇ ಮರೆಮಾಚುವುದೂ ಉಂಟು. ಆದಕಾರಣ ಫೋನಿನ ಮುಖಪರದೆಯ ಸೂಚನೆಗಳಲ್ಲಿ ಕಾಯಿಲೆಯ ಹೆಸರು ಕಾಣಿಸಬಾರದು. ಉತ್ತರಿಸಿದವರು ರೋಗಿಯೋ, ಮಗನೋ, ಸೊಸೆಯೋ ಎಂಬುದು ದಾಖಲಾಗಬೇಕು, ಏಕೆಂದರೆ ನೋವಿನ ಪ್ರಮಾಣವನ್ನು ಬಲ್ಲವರು ಅದನ್ನು ಅನುಭವಿಸುವವರೇ. ಓದಲಾಗದವರಿಗೆ ಧ್ವನಿರೂಪದ ಪ್ರಶ್ನೆಗಳಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನು ವಿಧಿಸುತ್ತದೆ, ಕನ್ನಡವೂ ಅವುಗಳಲ್ಲೊಂದು.

ಒಟ್ಟಿನಲ್ಲಿ, ಆ್ಯಪ್‌ನ ವಿನ್ಯಾಸವು ಆಸ್ಪತ್ರೆಯ ದಾದಿಯರ ಪಾಳಿಯ ಪಟ್ಟಿಯಿಂದಲೇ ಆರಂಭವಾಗಬೇಕು. ಬರುವ ಎಚ್ಚರಿಕೆಗಳನ್ನು ನೋಡಿ ಮರುಕರೆ ಮಾಡುವವರಿಗೆ ವೇಳೆಯನ್ನೂ ಅಧಿಕಾರವನ್ನೂ ಗೊತ್ತುಪಡಿಸಿದ ಬಳಿಕವೇ ರೋಗಿಗಳನ್ನು ವರದಿ ಮಾಡುವಂತೆ ಕೇಳುವುದು ಉಚಿತ.