ಘಟ್ಟ ಹತ್ತಿದರೆ ಮೂಟೆ ಹಗುರವಾಗುವುದೆ?



ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದು ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟರು. ಅವರ ಕಣದಲ್ಲಿ ವ್ಯಾಪಾರಿಯ ಕೊಕ್ಕೆ ತಕ್ಕಡಿಗೆ 49 ಕಿಲೋ ತೂಗಿದ ಪಾರ್ಚ್‌ಮೆಂಟ್ ಮೂಟೆ, ಅದೇ ದಿನ ಸಂಘದ ತಕ್ಕಡಿಯಲ್ಲಿ 50 ಕಿಲೋ ತೂಗಿತ್ತು. ತೋಟ ಎತ್ತರದಲ್ಲಿದೆ, ಅಲ್ಲಿ ಭೂಮಿಯ ಸೆಳೆತ ಕಡಿಮೆ ಎಂದು ವ್ಯಾಪಾರಿ ವಿಜ್ಞಾನ ಹೇಳಿದರಂತೆ. ವಿಜ್ಞಾನ ಸರಿಯೇ. ಲೆಕ್ಕ ಮಾತ್ರ ತಪ್ಪು.

ನಾವು ತೂಕವೆಂದು ಒಂದೇ ಶಬ್ದದಲ್ಲಿ ಹೇಳುವುದರಲ್ಲಿ ಎರಡು ಸಂಗತಿಗಳಿವೆ. ಮೂಟೆಯೊಳಗೆ ಎಷ್ಟು ವಸ್ತುವಿದೆ ಎಂಬುದು ದ್ರವ್ಯರಾಶಿ. ಅದನ್ನು ಅಳೆಯುವ ಮಾನ ಕಿಲೋಗ್ರಾಂ. ಆ ವಸ್ತುವನ್ನು ಭೂಮಿ ಎಷ್ಟು ಬಲದಿಂದ ಕೆಳಕ್ಕೆ ಸೆಳೆಯುತ್ತದೆ ಎಂಬುದು ಶಾಸ್ತ್ರದ ಪ್ರಕಾರ ತೂಕ. ಮೂಟೆಯನ್ನು ಹೆಗಲಿಗೆ ಏರಿಸುವಾಗ ನಮ್ಮನ್ನು ಬಗ್ಗಿಸುವುದು ತೂಕ. ಅದನ್ನೇ ಕೈಗಾಡಿಯಲ್ಲಿಟ್ಟು ಸಮನೆಲದಲ್ಲಿ ಮೊದಲ ಬಾರಿ ನೂಕುವಾಗ ಗಾಡಿ ಹಠ ಹಿಡಿಯುತ್ತದಲ್ಲ, ಅದು ಬಹುಮಟ್ಟಿಗೆ ದ್ರವ್ಯರಾಶಿಯ ಹಠ. ಚಂದ್ರನಲ್ಲಿ ಸೆಳೆತ ನಮ್ಮಲ್ಲಿಯ ಆರನೆಯ ಒಂದು ಭಾಗ. ಅಲ್ಲಿ 60 ಕಿಲೋ ಚಾಲಿ ಅಡಿಕೆಯ ಮೂಟೆಯನ್ನು ಮಕ್ಕಳೂ ಎತ್ತಿಯಾರು. ಆದರೆ ಅದನ್ನು ಕಾಲಿನಿಂದ ಒದ್ದರೆ ಬೆರಳು ಇಲ್ಲಿಯಷ್ಟೇ ನೋಯುತ್ತದೆ.

ಇನ್ನು ತಕ್ಕಡಿಗೆ ಬರೋಣ. ಎರಡು ತಟ್ಟೆಯ ತಕ್ಕಡಿ ಮೂಟೆಯನ್ನು ಬಟ್ಟಿನೊಂದಿಗೆ ಹೋಲಿಸುತ್ತದೆ. ಸೆಳೆತ ಕುಗ್ಗಿದರೆ ಎರಡು ತಟ್ಟೆಗೂ ಒಂದೇ ಸಮನೆ ಕುಗ್ಗುವುದರಿಂದ ಮುಳ್ಳು ಅಲುಗುವುದಿಲ್ಲ. ಚಂದ್ರನಲ್ಲೂ 60 ಎಂದರೆ 60. ಕೊಕ್ಕೆ ತಕ್ಕಡಿಯೊಳಗಿರುವುದು ಸ್ಪ್ರಿಂಗ್. ಅದಕ್ಕೆ ಗೊತ್ತಾಗುವುದು ಸೆಳೆತ ಮಾತ್ರ. ಚಂದ್ರನಲ್ಲಿ ಅದು 10 ತೋರಿಸುತ್ತದೆ. ಇಂದಿನ ವಿದ್ಯುನ್ಮಾನ ತಕ್ಕಡಿಗಳಲ್ಲಿ ಬಹುತೇಕವೂ ಸ್ಪ್ರಿಂಗಿನ ಜಾತಿಯವೇ. ಆದರೆ ಅವನ್ನು ಇಟ್ಟ ಜಾಗದಲ್ಲಿಯೇ ಮುದ್ರೆಯ ಬಟ್ಟಿನಿಂದ ಸರಿಹೊಂದಿಸಿದರೆ ಸ್ಥಳದ ವ್ಯತ್ಯಾಸ ಅಲ್ಲಿಗೇ ಅಳಿಸಿಹೋಗುತ್ತದೆ.

ಊರಿಂದೂರಿಗೆ ಸೆಳೆತ ಬದಲಾಗುವುದು ನಿಜ. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞ ಭೂಮಧ್ಯರೇಖೆಗೆ ಸಮೀಪದ ಕಯೆನ್‌ಗೆ ಹೋದಾಗ, ಪ್ಯಾರಿಸಿನಲ್ಲಿ ಸರಿಯಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಧ್ರುವಕ್ಕೂ ಭೂಮಧ್ಯರೇಖೆಗೂ ಇರುವ ಅಂತರ ನೂರಕ್ಕೆ ಅರ್ಧದಷ್ಟು. ದೆಹಲಿಯಲ್ಲಿ ಹೊಂದಿಸಿದ ಸ್ಪ್ರಿಂಗ್ ತಕ್ಕಡಿಯನ್ನು ಹಾಗೆಯೇ ಮಲೆನಾಡಿಗೆ ತಂದರೆ 50 ಕಿಲೋಗೆ 50-60 ಗ್ರಾಂ ಕಡಿಮೆ ತೋರೀತು. ಮಂಗಳೂರಿನಿಂದ ಘಟ್ಟದ ಮೇಲೆ 1,000 ಮೀಟರ್ ಹತ್ತಿದರೆ ಹತ್ತು ಹದಿನೈದು ಗ್ರಾಂ. ನಮ್ಮ ಸದಸ್ಯರ ತೋಟ ಸಂಘದ ಕಚೇರಿಗಿಂತ ಹೆಚ್ಚೆಂದರೆ 200 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಬರುವ ವ್ಯತ್ಯಾಸ ಮೂರು ಗ್ರಾಂ, ಎಂದರೆ ಒಂದು ಚಿಟಿಕೆ ಬೀಜ! ಒಂದು ಕಿಲೋ ಎಲ್ಲಿಂದ ಬಂತು? ಸೋತ ಸ್ಪ್ರಿಂಗಿನಿಂದಲೋ, ಸೊನ್ನೆಯಲ್ಲಿ ನಿಲ್ಲದ ಮುಳ್ಳಿನಿಂದಲೋ, ಓದಿದವರ ಕಣ್ಣಿನಿಂದಲೋ ಬಂದಿರಬೇಕು. ಭೂಮಿತಾಯಿಯ ಮೇಲೆ ಹೊರಿಸುವುದು ತರವಲ್ಲ.

ತೇವಾಂಶದ ಮಾತೇ ಬೇರೆ. ಅಲ್ಲಿ ವಸ್ತುವೇ ಕಡಿಮೆಯಾಗುತ್ತದೆ. ನೂರಕ್ಕೆ 12 ತೇವವಿರುವ 50 ಕಿಲೋ ಕಾಫಿಯಲ್ಲಿ ಒಣ ಪದಾರ್ಥ 44 ಕಿಲೋ. ಅದು 10ಕ್ಕೆ ಒಣಗಿದರೆ ಮೂಟೆ 48 ಕಿಲೋ 900 ಗ್ರಾಂಗೆ ಇಳಿಯುತ್ತದೆ, ಯಾವ ತಕ್ಕಡಿಯಲ್ಲಿ ತೂಗಿದರೂ. ವಾರಗಟ್ಟಲೆ ಇಟ್ಟ ಮಾಲಿನಲ್ಲಿ ಕಿಲೋ ಹೆಚ್ಚುಕಡಿಮೆಯಾದರೆ ಮೊದಲು ತೇವ ನೋಡಬೇಕು. ಇಲ್ಲಿ ಎರಡೂ ತೂಕ ಅದೇ ದಿನದವು, ಅದೂ ಹೆಚ್ಚು ಬಂದದ್ದು ಎರಡನೆಯದು.

ಹಾಗೆಂದು ತಟ್ಟೆ ತಕ್ಕಡಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ದಂಡದ ಒಂದು ತೋಳು ಉದ್ದವಿದ್ದರೆ ಬಟ್ಟು ಸರಿಯಿದ್ದೂ ತೂಕ ತಪ್ಪುತ್ತದೆ. ಮಾಲನ್ನೂ ಬಟ್ಟನ್ನೂ ತಟ್ಟೆ ಬದಲಿಸಿ ಇನ್ನೊಮ್ಮೆ ತೂಗಿ; ಎರಡು ಸಲವೂ ಮುಳ್ಳು ನೆಟ್ಟಗೆ ನಿಂತರೆ ದಂಡ ಪ್ರಾಮಾಣಿಕವಾದದ್ದು. ಕೊಕ್ಕೆ ತಕ್ಕಡಿಗೆ ಪರೀಕ್ಷೆ ಇನ್ನೂ ಸುಲಭ. ಮೂಟೆಗೆ ಮೊದಲು ಮುದ್ರೆಯಿರುವ 20 ಕಿಲೋ ಬಟ್ಟನ್ನು ನೇತುಹಾಕಿ ನೋಡಿ. ನಾನು ಹಲವು ವರ್ಷ ಹಾಗೆ ನೋಡದೆ ಅಡಿಕೆ ಕೊಟ್ಟವನು. ನಷ್ಟದ ಲೆಕ್ಕ ಹಾಕುವ ಧೈರ್ಯ ಇಂದಿಗೂ ಬಂದಿಲ್ಲ.

ಸಂಘದ ಕಚೇರಿಯಲ್ಲಿ ಅಂತಹ ಎರಡು ಬಟ್ಟುಗಳಿವೆ. ವ್ಯಾಪಾರಿ ಬರುವ ದಿನ ಸದಸ್ಯರು ಪುಸ್ತಕದಲ್ಲಿ ರುಜು ಮಾಡಿ ಒಯ್ಯಬಹುದು. ಸಂಜೆಯೊಳಗೆ ಹಿಂದಿರುಗಿಸಿ, ಬಾಗಿಲಿಗೆ ಅಡ್ಡವಿಡಲು ಬಳಸಬೇಡಿ.

- ಕಾರ್ಯದರ್ಶಿ