ಗಡಿಯೂರಿನ ಮಕ್ಕಳಿಗೆ ಸಮಾಜಪಾಠ



ತಿಗನಾರೆ ಕಡೆಯ ಏಳನೆಯ ತರಗತಿಯ ಹುಡುಗನೊಬ್ಬನನ್ನು ನಿಲ್ಲಿಸಿ, “ನಿನ್ನ ರಾಜ್ಯ ಯಾವುದಪ್ಪಾ?” ಎಂದು ಕೇಳಿ. ತಮಿಳುನಾಡು ಎಂದು ಥಟ್ಟನೆ ಹೇಳುತ್ತಾನೆ. “ಮತ್ತೆ ಮನೆಯಲ್ಲೂ ಶಾಲೆಯಲ್ಲೂ ಕನ್ನಡ ಏಕೆ?” ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಅವನ ತಪ್ಪೇನಲ್ಲ. ದೊಡ್ಡವರನ್ನು ಕೇಳಿದರೂ, “1956ರಲ್ಲಿ ನಮ್ಮನ್ನು ಈ ಕಡೆಗೆ ಹಾಕಿಬಿಟ್ಟರು” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧವನ್ನು ಹೇಳಬೇಕಾದವರು ಸಮಾಜಪಾಠದ ಮೇಷ್ಟರು. ನಮ್ಮ ತಾಳವಾಡಿ ಸೀಮೆಯಲ್ಲಿ ಸಮಾಜ ವಿಜ್ಞಾನ ಶುರುವಾಗಬೇಕಾದದ್ದು ಸಿಂಧೂ ಕಣಿವೆಯಿಂದಲ್ಲ, ಈ ಪ್ರಶ್ನೆಯಿಂದ ಎಂದು ನನ್ನ ಅಭಿಪ್ರಾಯ. ನಾನು ಮೇಷ್ಟರಲ್ಲ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಬಂದವನು. ಆದರೆ ಶಾಲೆಯಲ್ಲಿ ಕಲಿತ ಸಮಾಜಪಾಠ ಮುಂದೆ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಕೌಂಟರಿನ ಹಿಂದಿನಿಂದ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಆ ಉಳಿದರ್ಧ ಉತ್ತರ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ ತನ್ನ ದಂಡಿನೊಡನೆ ಗಜ್ಜಲಹಟ್ಟಿ ಕಣಿವೆಯಿಂದ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಮೇಲೆ ಬಿದ್ದ. ಅಂದರೆ ನಮ್ಮ ಬೆಟ್ಟಗಳ ದಾರಿಯಲ್ಲೇ ಮೂರನೆಯ ಮೈಸೂರು ಯುದ್ಧ ನಡೆದುಹೋಯಿತು. ಒಂಬತ್ತು ವರ್ಷಗಳ ಬಳಿಕ, 1799ರಲ್ಲಿ, ಶ್ರೀರಂಗಪಟ್ಟಣ ಬಿತ್ತು, ಟಿಪ್ಪುವಿನ ರಾಜ್ಯ ಹಂಚಿಕೆಯಾಯಿತು. ಕೊಯಮತ್ತೂರು ಸೀಮೆ ಕಂಪನಿ ಸರ್ಕಾರಕ್ಕೆ ಹೋಯಿತು. ಉಳಿದ ಮೈಸೂರಿನ ಪಟ್ಟಕ್ಕೆ ಪುಟ್ಟ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದರು. ಪಕ್ಕದ ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದವರು ಅವರೇ. ಆ ಊರು ಮೈಸೂರಿನಲ್ಲಿ ಉಳಿಯಿತು, ನಾವು ಕೊಯಮತ್ತೂರು ಜಿಲ್ಲೆಯಲ್ಲಿ, ಮದರಾಸಿನ ಆಡಳಿತದಲ್ಲಿ ಉಳಿದೆವು. ಗಡಿಗೆರೆ ಬಿದ್ದದ್ದು ಆಗ.

1956ರ ನವೆಂಬರ್ 1ರಂದು ಆದದ್ದು ಬೇರೆ. ಅದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಅಂದು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಭಾಗ ಘಟ್ಟದ ಕೆಳಗಿನ ತಾಲ್ಲೂಕಿನೊಳಗೆ ಇತ್ತು, ಆ ತಾಲ್ಲೂಕಿನ ಹೆಚ್ಚು ಜನ ತಮಿಳರು. ಹೀಗಾಗಿ ನಾವು ಇದ್ದಲ್ಲೇ ಉಳಿದೆವು. ಯಾರೂ ನಮ್ಮನ್ನು ಎತ್ತಿ ಈ ಕಡೆ ಹಾಕಲಿಲ್ಲ, ಆ ಕಡೆಗೆ ಎತ್ತಿಕೊಳ್ಳಲಿಲ್ಲ, ಅಷ್ಟೆ. ಈ ಎರಡು ಮಾತಿನ ನಡುವಿನ ವ್ಯತ್ಯಾಸ ತಿಳಿದ ಹುಡುಗನಿಗೆ ರಾಜ್ಯ ಪುನರ್ವಿಂಗಡಣೆಯ ಪಾಠವನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಕಾಸರಗೋಡಿನ ಕಥೆಯನ್ನೂ ಅವನು ಅರ್ಥ ಮಾಡಿಕೊಳ್ಳುತ್ತಾನೆ.

ಇದನ್ನು ಕಲಿಸಲು ಬೇಕಾದ ಪುಸ್ತಕ ಮನೆಯ ಟ್ರಂಕಿನಲ್ಲೇ ಇದೆ. ಹಳೆಯ ಕ್ರಯಪತ್ರ ತೆಗೆದರೆ ಕೊಯಮತ್ತೂರು ಜಿಲ್ಲೆ ಎಂದಿರುತ್ತದೆ. 1979ರಲ್ಲಿ ಆ ಜಿಲ್ಲೆ ಒಡೆದು ಪೆರಿಯಾರ್ ಜಿಲ್ಲೆ ಆಯಿತು, ಆ ಕಾಲದ ಕಾಗದದಲ್ಲಿ ಆ ಹೆಸರು. 1996ರಿಂದ ಈರೋಡು ಜಿಲ್ಲೆ. ಮದರಾಸು ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂದದ್ದು 1969ರ ಜನವರಿ 14ರಂದು, ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಮನೆಯ ಅಜ್ಜಿ ಹಜಾರದ ಕಂಬ ಬಿಟ್ಟು ಕದಲದೆ ಮೂರು ಜಿಲ್ಲೆಗಳಲ್ಲಿ ಬಾಳಿದ್ದಾಳೆ! ಮಕ್ಕಳಿಗೆ ಒಂದು ವಾರ ಸಮಯ ಕೊಟ್ಟು, ಮನೆಯ ಕಾಗದಗಳಲ್ಲಿ ಯಾವ ವರ್ಷ ಯಾವ ಜಿಲ್ಲೆಯ ಹೆಸರಿದೆ ಎಂದು ಬರೆದು ತರಲು ಹೇಳಿ. ಕಾಗದವನ್ನು ಶಾಲೆಗೆ ತರುವುದು ಬೇಡ, ಕಳೆದುಹೋದರೆ ಗತಿ ಏನು? ನೋಡಿ ಬರೆದುಕೊಂಡು ಬಂದರೆ ಸಾಕು.

ಈಗ ಒಂದು ಎಚ್ಚರಿಕೆಯ ಮಾತು. ನಮ್ಮ ಕನ್ನಡ ಶಾಲೆಗಳ ಸಮಾಜ ಪುಸ್ತಕವನ್ನು ಅಚ್ಚು ಹಾಕಿಸುವುದು ತಮಿಳುನಾಡು ಸರ್ಕಾರದ ಪಠ್ಯಪುಸ್ತಕ ನಿಗಮ. ಅದರ ಕನ್ನಡ ಅನುವಾದದ ಕನ್ನಡ, ಬಹಳ ಕಡೆ ಬಿಗಿ. ಓದಿದರೆ ತಿಳಿಯದು. ಆಗ ತಂದೆತಾಯಂದಿರು ಏನು ಮಾಡುತ್ತಾರೆ? ಚಾಮರಾಜನಗರಕ್ಕೆ ಹೋದಾಗ ಅಂಗಡಿಯಲ್ಲಿ ಕರ್ನಾಟಕದ ಗೈಡ್ ಕೊಂಡು ತರುತ್ತಾರೆ. ಕನ್ನಡ ತಿಳಿಯಾಗಿರುತ್ತದೆ, ಹುಡುಗ ಖುಷಿಯಿಂದ ಓದುತ್ತಾನೆ. ಗಣಿತಕ್ಕೂ ವಿಜ್ಞಾನಕ್ಕೂ ಇದರಿಂದ ಅಷ್ಟು ತೊಂದರೆ ಇಲ್ಲ, ತ್ರಿಕೋನಕ್ಕೆ ಎರಡು ಕಡೆಯೂ ಮೂರೇ ಮೂಲೆ. ಸಮಾಜಪಾಠದಲ್ಲಿ ಹಾಗಲ್ಲ.

ಕರ್ನಾಟಕದ ಗೈಡ್ ರಾಜ್ಯ ಶಾಸಕಾಂಗಕ್ಕೆ ಎರಡು ಸದನ ಎನ್ನುತ್ತದೆ. ಅಲ್ಲಿ ವಿಧಾನಸಭೆಯೂ ಉಂಟು, 75 ಸದಸ್ಯರ ವಿಧಾನ ಪರಿಷತ್ತೂ ಉಂಟು. ತಮಿಳುನಾಡಿನ ಮೇಲ್ಮನೆ 1986ರಲ್ಲೇ ರದ್ದಾಯಿತು, ಇಲ್ಲಿರುವುದು 234 ಸ್ಥಾನಗಳ ವಿಧಾನಸಭೆ ಒಂದೇ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಯ ಸದಸ್ಯರು ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷರಾಗಿ ಆರಿಸುತ್ತಾರೆ. ಇಲ್ಲಿ ಪಂಚಾಯತಿ ಅಧ್ಯಕ್ಷರನ್ನು ಊರ ಮತದಾರರೇ ನೇರವಾಗಿ ಆರಿಸುತ್ತಾರೆ. ಅಲ್ಲಿ ನಡುವಿನ ಹಂತ ತಾಲ್ಲೂಕು ಪಂಚಾಯತಿ, ಇಲ್ಲಿ ಪಂಚಾಯತ್ ಯೂನಿಯನ್. ಅಲ್ಲಿ ಹತ್ತನೆಯದರ ಮೇಲೆ ಪಿ.ಯು.ಸಿ., ಇಲ್ಲಿ ಪ್ಲಸ್ ಟೂ. ಪರೀಕ್ಷೆಯಲ್ಲಿ ಅಲ್ಲಿಯದನ್ನು ಬರೆದರೆ ಅಂಕ ಹೋಯಿತು. ಅಂಕ ಹೋದರೂ ಹೋಗಲಿ, ತನ್ನ ಪಂಚಾಯತಿಯ ಅಧ್ಯಕ್ಷರನ್ನು ಯಾರು ಆರಿಸುತ್ತಾರೆಂದು ತಪ್ಪಾಗಿ ನಂಬಿದ ಹುಡುಗ ನಾಳೆ ಮತದಾರನಾಗುತ್ತಾನಲ್ಲ!

ಹಾಗೆಂದು ಆ ಗೈಡನ್ನು ಒಲೆಗೆ ಹಾಕಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಕರಿಹಲಗೆಯ ನಡುವೆ ಒಂದು ಗೆರೆ ಎಳೆದು, ಈ ಕಡೆ ನಮ್ಮದು ಆ ಕಡೆ ಅವರದು ಎಂದು ಬರೆಸಿ. ಒಂದೇ ಸಂವಿಧಾನದ ಕೆಳಗೆ ಎರಡು ರಾಜ್ಯಗಳು ಎರಡು ಬಗೆಯಲ್ಲಿ ನಡೆಯಬಹುದು ಎಂಬುದೇ ಒಕ್ಕೂಟ ವ್ಯವಸ್ಥೆ. ಈರೋಡಿನ ಹುಡುಗನಿಗೆ ಇದು ಪುಸ್ತಕದ ಮಾತು. ತಿಗನಾರೆಯ ಹುಡುಗನಿಗೆ ಸೋದರಮಾವನ ಮನೆಯ ಮಾತು. ಮಾವನ ಊರಿನಲ್ಲಿ ಯಾವ ರೇಷನ್ ಕಾರ್ಡು ಎಂಬುದರ ಮೇಲೆ ಅಕ್ಕಿ ಸಿಗುವುದು ನಿಂತಿದೆ, ಇಲ್ಲಿ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಪಡಿತರ ಎಂಬುದು ನೀತಿ. ಯಾವುದು ಸರಿ ಎಂದು ಮಕ್ಕಳು ಚರ್ಚೆ ಮಾಡಲಿ, ಮೇಷ್ಟರು ತೀರ್ಪು ಕೊಡುವುದು ಬೇಡ.

ಇನ್ನು ನಾನು ಕಂಡ ವಿಷಯಕ್ಕೆ ಬರುತ್ತೇನೆ. ಬೆಳೆ ಸಾಲಕ್ಕೆ ಬರುವವರಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗರು ಕಡಿಮೆಯಿಲ್ಲ. ಭೂದಾಖಲೆ ತನ್ನಿ ಎಂದರೆ ಪಹಣಿಯೇ ಎನ್ನುತ್ತಾರೆ. ಪಹಣಿ ಕರ್ನಾಟಕದ ಮಾತು. ಇಲ್ಲಿ ಬೇಕಾದದ್ದು ಪಟ್ಟಾ, ಚಿಟ್ಟಾ, ಅಡಂಗಲ್. ಜಮೀನು ಯಾರ ಹೆಸರಿಗಿದೆ ಎಂದು ಹೇಳುವುದು ಪಟ್ಟಾ. ಆ ಹೆಸರಿನಲ್ಲಿ ಯಾವ ಸರ್ವೆ ನಂಬರು, ಎಷ್ಟು ವಿಸ್ತೀರ್ಣ, ಖುಷ್ಕಿಯೋ ತರಿಯೋ ಎಂಬುದು ಚಿಟ್ಟಾ. ಈಗ ಇವೆರಡೂ ಒಂದೇ ಹಾಳೆಯಲ್ಲಿ ಬರುತ್ತವೆ. ಈ ವರ್ಷ ಆ ನೆಲದಲ್ಲಿ ರಾಗಿ ಇದೆಯೋ, ಕೋಸು ಇದೆಯೋ, ಅರಿಸಿನವೋ ಎಂದು ತೋರಿಸುವುದು ಅಡಂಗಲ್. ಅದನ್ನು ಇಟ್ಟುಕೊಂಡಿರುವವರು ವಿ.ಎ.ಓ. ಈ ವಿ.ಎ.ಓ. ಹುದ್ದೆ ಹುಟ್ಟಿದ್ದೂ ಒಳ್ಳೆಯ ಚರಿತ್ರೆ ಪಾಠವೇ. ಊರ ಲೆಕ್ಕ ಬರೆಯುವ ಕೆಲಸ ಹಿಂದೆ ವಂಶಪಾರಂಪರ್ಯ. ಮೈಸೂರು ಕಡೆ ಶಾನುಭೋಗಿಕೆ 1960ರ ದಶಕದಲ್ಲಿ ಹೋಯಿತು. ತಮಿಳುನಾಡಿನಲ್ಲಿ ಅಂಥ ಹುದ್ದೆಗಳನ್ನು 1980ರಲ್ಲಿ ಎಂ.ಜಿ.ಆರ್. ಸರ್ಕಾರ ತೆಗೆದುಹಾಕಿತು. ಪರೀಕ್ಷೆ ಬರೆದು ಬರುವ ಗ್ರಾಮಾಡಳಿತ ಅಧಿಕಾರಿ ಆಮೇಲೆ ಬಂದವರು.

ಅಳತೆಯ ಗೊಂದಲ ಬೇರೆ. ಗಡಿಯಾಚೆ ಎಕರೆಗೆ 40 ಗುಂಟೆ. ಈಚೆ ಎಕರೆಗೆ 100 ಸೆಂಟು. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟು. ಪಟ್ಟಾದಲ್ಲಿ ಬರೆದಿರುವುದು ಇವೆರಡೂ ಅಲ್ಲ, ಹೆಕ್ಟೇರು ಮತ್ತು ಏರ್. ಒಂದು ಹೆಕ್ಟೇರು ಎಂದರೆ ಸುಮಾರು 2.47 ಎಕರೆ. ಅಣ್ಣತಮ್ಮಂದಿರ ಪಾಲಿನಲ್ಲಿ “ಎರಡು ಗುಂಟೆ ನನ್ನದು” ಎಂದು ಹೊಡೆದಾಡುವವರು ಕಾಗದದಲ್ಲಿ 2 ಏರ್ ಎಂದಿರುವುದನ್ನು ನೋಡಿ ಅಷ್ಟೇ ಎಂದುಕೊಳ್ಳುತ್ತಾರೆ. ಅದೃಷ್ಟಕ್ಕೆ ಗುಂಟೆಗೂ ಏರ್‌ಗೂ ವ್ಯತ್ಯಾಸ ಬಹಳ ಕಡಿಮೆ. ಸೆಂಟೆಂದು ತಿಳಿದರೆ ಮಾತ್ರ ಮೋಸ ಹೋದಂತೆಯೇ. ಎಂಟನೆಯ ತರಗತಿಯಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಕೊಟ್ಟರೆ ಸಾಕು. ಭೂಗೋಳ, ಪೌರನೀತಿ, ಲೆಕ್ಕ ಮೂರೂ ಅದರಲ್ಲೇ ಆಗುತ್ತದೆ.

ಅರ್ಥಶಾಸ್ತ್ರಕ್ಕೆ ಇನ್ನೂ ಸುಲಭದ ಸಾಧನವಿದೆ, ನೋಟು. ಹತ್ತು ರೂಪಾಯಿ ನೋಟಿನ ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಬೆಲೆ ಬರೆದಿದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ, ಹದಿಮೂರನೆಯದು ತಮಿಳು. ಏಕೆ ಹಾಗೆ, ಕನ್ನಡ ದೊಡ್ಡದೋ ಎಂದು ಮಕ್ಕಳು ಕೇಳುತ್ತಾರೆ. ದೊಡ್ಡದು ಚಿಕ್ಕದು ಏನಿಲ್ಲ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮ, ಅಸ್ಸಾಮಿಯಿಂದ ಉರ್ದುವಿನವರೆಗೆ. ನೋಟಿಗೆ ಸಹಿ ಹಾಕುವವರು ರಿಸರ್ವ್ ಬ್ಯಾಂಕಿನ ಗವರ್ನರು. ಒಂದು ರೂಪಾಯಿ ನೋಟಿಗೆ ಮಾತ್ರ ಕೇಂದ್ರದ ಹಣಕಾಸು ಕಾರ್ಯದರ್ಶಿಯ ಸಹಿ. ಇದನ್ನು ಹೇಳಿದರೆ ಸಾಕು, ಮಾರನೆಯ ದಿನ ಎಲ್ಲರ ಜೇಬಿನಲ್ಲೂ ಹಳೆಯ ಒಂದು ರೂಪಾಯಿ ನೋಟು!

ಭೂಪಟದ ವಿಷಯ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಭೂಪಟಕ್ಕೆ ಅಂಕ ಉಂಟು, ಆದುದರಿಂದ ಮಕ್ಕಳು ನದಿಗಳ ಹೆಸರು ಉರು ಹೊಡೆಯುತ್ತಾರೆ. ತಮ್ಮೂರಿನ ಹಳ್ಳ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಕೇಳಿದರೆ ತಿಳಿಯದು. ಮಳೆ ಬಂದ ಮರುದಿನ ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ದಿಕ್ಕು ನೋಡಿಸಿ. ದಕ್ಷಿಣಕ್ಕೆ ಕಣಿವೆಗೆ ಇಳಿದ ನೀರು ಮೋಯಾರಿಗೆ ಸೇರಿ, ಭವಾನಿಸಾಗರ ಅಣೆಕಟ್ಟಿನಲ್ಲಿ ಭವಾನಿಯೊಡನೆ ಕೂಡಿ, ಭವಾನಿ ಪಟ್ಟಣದಲ್ಲಿ ಕಾವೇರಿಗೆ ಸೇರುತ್ತದೆ. ಗಡಿಯಾಚೆ ಚಾಮರಾಜನಗರ ಸೀಮೆಯ ಸುವರ್ಣಾವತಿ ಕೊಳ್ಳೇಗಾಲದ ಬಳಿ ಕಾವೇರಿಗೆ ಸೇರುತ್ತದೆ. ಎಲ್ಲಿಂದ ಹೋದರೂ ಕಡೆಗೆ ಒಂದೇ ಹೊಳೆ. ಎರಡು ರಾಜ್ಯಗಳ ನೀರಿನ ಜಗಳದ ಪಾಠ ಬಂದಾಗ ಇದನ್ನು ನೆನಪಿಸಿದರೆ ಮಕ್ಕಳು ಯಾವ ಕಡೆಯ ಕೂಗನ್ನೂ ಕಣ್ಣುಮುಚ್ಚಿ ಹಿಡಿಯುವುದಿಲ್ಲ.

ಚುನಾವಣೆಯ ಪಾಠದಲ್ಲಿ ನಮ್ಮವರಿಗೆ ಇನ್ನೊಂದು ವಿಶೇಷ. ಜಿಲ್ಲೆ ಈರೋಡು, ವಿಧಾನಸಭಾ ಕ್ಷೇತ್ರ ಭವಾನಿಸಾಗರ, ಲೋಕಸಭಾ ಕ್ಷೇತ್ರ ನೀಲಗಿರಿ. 2008ರ ಕ್ಷೇತ್ರ ವಿಂಗಡಣೆಯ ಫಲ ಇದು. ಕಲೆಕ್ಟರು ಒಂದು ದಿಕ್ಕಿನಲ್ಲಿ, ಎಂ.ಪಿ. ಇನ್ನೊಂದು ದಿಕ್ಕಿನಲ್ಲಿ. ಯಾವ ದೂರನ್ನು ಯಾರಿಗೆ ಬರೆಯಬೇಕೆಂದು ಹೇಳಿಕೊಡದಿದ್ದರೆ ಅರ್ಜಿ ಊರೂರು ತಿರುಗುತ್ತದೆ.

ಇನ್ನು ಭಾಷೆ. ಇದು ಸೂಕ್ಷ್ಮ, ಆದರೂ ತರಗತಿಯಲ್ಲಿ ಮುಚ್ಚಿಡುವಂಥದ್ದಲ್ಲ. ಸಂವಿಧಾನದ 29 ಮತ್ತು 30ನೆಯ ವಿಧಿಗಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ, ಶಾಲೆ ನಡೆಸುವ ಹಕ್ಕು ಕೊಟ್ಟಿವೆ. 350ಎ ವಿಧಿ 1956ರ ಏಳನೆಯ ತಿದ್ದುಪಡಿಯಲ್ಲಿ ಬಂದದ್ದು. ಅದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಪ್ರಾಥಮಿಕ ಎಂಬ ಪದವನ್ನು ಗಮನಿಸಿ. ಮಾಧ್ಯಮಿಕ, ಪ್ರೌಢ ತರಗತಿಗಳ ಮಾತನ್ನು ಆ ವಿಧಿ ಎತ್ತುವುದಿಲ್ಲ. ನಮ್ಮ ಮಕ್ಕಳು ಹತ್ತನೆಯ ತರಗತಿಯವರೆಗೆ ಸಮಾಜಪಾಠವನ್ನು ಕನ್ನಡದಲ್ಲಿ ಓದುತ್ತಿರುವುದಕ್ಕೆ ಕನ್ನಡ ಬಲ್ಲ ಮೇಷ್ಟರು ಸಿಗುವುದು, ಪುಸ್ತಕ ಅಚ್ಚಾಗುವುದು, ಮಕ್ಕಳು ಸೇರುವುದು, ಮೂರೂ ಬೇಕು. ಒಂದು ಕಡಿದರೆ ಉಳಿದೆರಡೂ ನಿಲ್ಲುವುದಿಲ್ಲ. 2006ರ ತಮಿಳು ಕಲಿಕೆ ಕಾಯಿದೆಯಿಂದ ತಮಿಳು ಕಡ್ಡಾಯ ಪಾಠವಾಯಿತು. ಹತ್ತನೆಯ ತರಗತಿಯಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ವಿನಾಯಿತಿ ಬೇಕೆಂದು ಮದರಾಸು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದುಂಟು. ನನ್ನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ವಿನಾಯಿತಿ ಪರೀಕ್ಷೆಗೆ ಇರಲಿ, ಕಲಿಕೆಗೆ ಬೇಡ. ಮಗು ಕನ್ನಡದಲ್ಲಿ ಯೋಚನೆ ಮಾಡಲಿ, ಪಟ್ಟಾವನ್ನು ತಮಿಳಿನಲ್ಲಿ ಓದಲಿ. ಅಡಂಗಲ್ ಓದಲು ಇನ್ನೊಬ್ಬರ ಕೈ ಹಿಡಿಯುವವನನ್ನು ಯಾವ ಹಕ್ಕೂ ಕಾಪಾಡದು.

ಕಾಡಿನ ಪಾಠವೂ ಪುಸ್ತಕದಲ್ಲಿ ಇದೆ, ಎಲ್ಲೋ ದೂರದ ಕಾಡು ಎಂಬಂತೆ. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಫೆಬ್ರವರಿಯಲ್ಲಿ ಕೋರ್ಟಿನ ಆದೇಶದಿಂದ ದಿಂಬಂ ಘಟ್ಟದ 27 ತಿರುವುಗಳ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಪ್ರಾಣಿಗಳ ಜೀವ ಒಂದು ಕಡೆ, ತರಕಾರಿ ಲೋಡು ಇನ್ನೊಂದು ಕಡೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕು ಸಿಕ್ಕಿತು. ಅದು ನಮ್ಮ ಸೋಲಿಗ ಮಕ್ಕಳಿಗೆ ಅವರದೇ ನೆಂಟರ ಸುದ್ದಿ. ತರಗತಿಯಲ್ಲಿ ಅವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಈ ಪಾಠದ ದಿನವಾದರೂ ಅವರನ್ನು ಮುಂದಕ್ಕೆ ಕರೆದು ಮಾತಾಡಿಸಬೇಕು.

ಕಡೆಯದಾಗಿ, ಹಣ ಖರ್ಚಿಲ್ಲದ ಒಂದು ಕೆಲಸ. ತಮಿಳುನಾಡಿನಲ್ಲಿ ಗ್ರಾಮಸಭೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಸೇರುವ ವಾಡಿಕೆ. 2022ರಲ್ಲಿ ಮಾರ್ಚ್ 22, ನವೆಂಬರ್ 1 ಎಂಬ ಎರಡು ದಿನಗಳನ್ನೂ ಸೇರಿಸಿದರು. ಗಡಿಯಾಚೆ ರಾಜ್ಯೋತ್ಸವದ ಬಾವುಟ ಹಾರುವ ದಿನ ಇಲ್ಲಿ ಸ್ಥಳೀಯ ಆಡಳಿತದ ದಿನ. ಒಂಬತ್ತನೆಯ ತರಗತಿಯ ಮಕ್ಕಳನ್ನು ಅಂದು ಪಂಚಾಯತಿ ಕಟ್ಟಡದ ಮುಂದೆ ಕೂರಿಸಿ. ವರಮಾನ ಖರ್ಚಿನ ಲೆಕ್ಕವನ್ನು ತಮಿಳಿನಲ್ಲಿ ಓದುತ್ತಾರೆ. ಮಕ್ಕಳು ಅದನ್ನು ಕನ್ನಡದಲ್ಲಿ ಬರೆದುಕೊಂಡು, ಸಂಜೆ ಮನೆಯ ಜಗಲಿಯಲ್ಲಿ ಅಜ್ಜಿಗೂ ತಾತನಿಗೂ ಓದಿ ಹೇಳಲಿ. ಬೀದಿ ದೀಪಕ್ಕೆ ಎಷ್ಟು, ಕುಡಿಯುವ ನೀರಿಗೆ ಎಷ್ಟು ಎಂದು ಕೇಳಿದ ಮೇಲೆ ತಾತ ಸುಮ್ಮನೆ ಕೂರುವವರಲ್ಲ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ಗ್ರಾಮಸಭೆಗೆ ಬೇಕಾಗುತ್ತದೆ.