ಕಾಬೋ ತಲುಪಲಿಲ್ಲ, ಆದ್ರೂ ಟ್ರಿಪ್ ಪೂರ್ತಿಯಾಯ್ತು

ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಸ್ಯಾನ್ ಡಿಯಾಗೋದಿಂದ ನಾವು ನಾಲ್ಕು ಜನ ಬಾಡಿಗೆ ಕ್ಯಾಂಪರ್ ವ್ಯಾನ್ ಹತ್ತಿದಾಗ ನನ್ನ ಫೋನಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಹತ್ತು ದಿನ, ಎಷ್ಟು ಗಂಟೆಗೆ ಎಲ್ಲಿರಬೇಕು, ಎಲ್ಲಿ ಊಟ, ಎಲ್ಲಿ ಪೆಟ್ರೋಲ್, ಎಲ್ಲಿ ಸ್ನಾನ, ಎಲ್ಲವೂ ಅದರಲ್ಲಿ. ಕೊನೆಯ ಸಾಲಿನಲ್ಲಿ ಹಸಿರು ಬಣ್ಣ ಬಳಿದು ಬರೆದಿದ್ದೆ: ಕಾಬೋ ಸಾನ್ ಲೂಕಾಸ್.

ಮ್ಯಾಪ್ ತೆಗೆದು ನೋಡಿದ್ರೆ ಅಮೆರಿಕದ ಕ್ಯಾಲಿಫೋರ್ನಿಯಾ ಮುಗಿದಲ್ಲಿಂದ ಕೆಳಗೆ ಮೆಣಸಿನಕಾಯಿಯ ಹಾಗೆ ನೇತಾಡುವ ಒಂದು ಉದ್ದನೆಯ ನೆಲ ಕಾಣುತ್ತೆ. ಅದೇ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಪೂರ್ವಕ್ಕೆ ಕ್ಯಾಲಿಫೋರ್ನಿಯಾ ಕೊಲ್ಲಿ, ಮಧ್ಯೆ ಮರುಭೂಮಿ. ಗಡಿಯ ತಿಹುವಾನಾದಿಂದ ತುದಿಯ ಕಾಬೋವರೆಗೆ ಸುಮಾರು 1,700 ಕಿ.ಮೀ. ಉದ್ದದ ಹೆದ್ದಾರಿ 1 ಈ ನೆಲವನ್ನು ಪೂರ್ತಿ ಹಾದುಹೋಗುತ್ತೆ. ಅದು ಪೂರ್ಣವಾಗಿದ್ದೇ 1973ರಲ್ಲಿ. ಪ್ರೆಸಿಡೆಂಟ್ಸ್ ಡೇ ರಜೆ ಸೇರಿಸಿ ಐದು ದಿನ ಲೀವ್ ಹಾಕಿದ್ರೆ ಹೋಗಿ ಬರಬಹುದು ಅನ್ನೋದು ನನ್ನ ಲೆಕ್ಕ.

ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯೋ ಅಭ್ಯಾಸ ನಮಗೆ. ಇವತ್ತಿಗೂ ಹಾಗೇ. ಹುಬ್ಬಳ್ಳಿ, ಮೈಸೂರು, ಶಿರಸಿ ಮತ್ತು ತುಮಕೂರಿನ ನಾನು. ಈ ಟ್ರಿಪ್ಪಿಗೆ ಒಂದು ಕಾರಣ ಇತ್ತು. ಎಂಟು ವರ್ಷ ಅಮೆರಿಕದಲ್ಲಿದ್ದ ಹುಬ್ಬಳ್ಳಿ ಮಾರ್ಚ್ ಮೊದಲ ವಾರ ಊರಿಗೆ ವಾಪಸ್ ಹೊರಟಿದ್ದ, ಇನ್ನು ಬರೋದಿಲ್ಲ ಅಂತಲೇ. ಅಪ್ಪನಿಗೆ ಪಾರ್ಶ್ವವಾಯು ಆಗಿತ್ತು. ಅಮ್ಮ ಒಬ್ಬರೇ. ಅವನಿಗೊಂದು ಮರೆಯಲಾರದ ಟ್ರಿಪ್ ಮಾಡಿಸಿ ಕಳಿಸಬೇಕು ಅಂತ ನಾನೇ ಹಟ ಹಿಡಿದಿದ್ದೆ.

ಕಾಗದ ಪತ್ರ ಮೊದಲು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಒಂದು ಅನುಕೂಲ ಇದೆ. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೋ ವೀಸಾ ಬೇರೆ ಬೇಡ. ಆದರೆ ಗಡಿಯಲ್ಲಿ ಪ್ರವಾಸಿ ಪರವಾನಗಿ ಪಡೆಯಲೇಬೇಕು. ರಸ್ತೆಯಲ್ಲಿ ಹೋಗೋರನ್ನು ಅಲ್ಲಿ ಸಾಮಾನ್ಯವಾಗಿ ಯಾರೂ ತಡೆಯೋದಿಲ್ಲ. ಕೈ ಬೀಸಿ ಒಳಗೆ ಬಿಟ್ಟುಬಿಡ್ತಾರೆ. ನಾವೇ ಗಾಡಿ ನಿಲ್ಲಿಸಿ, ಇಮಿಗ್ರೇಷನ್ ಕಚೇರಿ ಹುಡುಕಿಕೊಂಡು ಹೋಗಿ ಕೇಳಬೇಕು.

ಎರಡನೆಯದು ಇನ್ಶೂರೆನ್ಸ್. ಅಮೆರಿಕದ ವಾಹನ ವಿಮೆಯನ್ನು ಮೆಕ್ಸಿಕೋದಲ್ಲಿ ಒಪ್ಪೋದಿಲ್ಲ, ಅಲ್ಲಿಯದೇ ಪ್ರತ್ಯೇಕವಾಗಿ ತಗೋಬೇಕು. ಅದಿಲ್ಲದೆ ಅಪಘಾತವಾದರೆ ಪೊಲೀಸ್ ಠಾಣೆಯಲ್ಲಿ ಕೂರೋ ಪರಿಸ್ಥಿತಿ ಬರಬಹುದು. ಬಾಡಿಗೆ ವ್ಯಾನ್ ಆದರೆ ಗಡಿ ದಾಟಿಸಲು ಮಾಲೀಕರ ಲಿಖಿತ ಒಪ್ಪಿಗೆಯೂ ಬೇಕು. ಇವೆಲ್ಲ ನನ್ನ ಶೀಟಿನಲ್ಲಿ ಟಿಕ್ ಆಗಿದ್ದವು.

ಮೊದಲ ದಿನ ಅಂದುಕೊಂಡ ಹಾಗೇ ನಡೀತು. ಎನ್ಸೆನಾಡಾದಲ್ಲಿ ಮೂವರು ಫಿಶ್ ಟಾಕೋ ತಿಂದ್ರು. ಶಿರಸಿಯವಳು ಸಸ್ಯಾಹಾರಿ, ಅವಳಿಗೆ ಬೀನ್ಸ್, ಬೆಣ್ಣೆಹಣ್ಣು ಹಾಕಿದ ಟಾರ್ಟಿಯಾ. ರಾತ್ರಿ ಸಾನ್ ಕಿಂಟಿನ್ ಸಮುದ್ರದ ದಂಡೆಯಲ್ಲಿ ಮಲಗಿದೆವು.

ಕತ್ತಲಲ್ಲಿ ನಿಂತಿದ್ದ ಹಸು

ಎರಡನೇ ದಿನ ಎಲ್ ರೊಸಾರಿಯೋ ದಾಟಿದ ಮೇಲೆ ರಸ್ತೆ ಮರುಭೂಮಿಗೆ ತಿರುಗುತ್ತೆ. ಮುಂದಿನ ಸುಮಾರು 350 ಕಿ.ಮೀ. ಪೆಟ್ರೋಲ್ ಬಂಕ್ ನಂಬಿಕೊಳ್ಳೋ ಹಾಗಿಲ್ಲ. ಮಧ್ಯದ ಕಟಾವಿನ್ಯಾದಲ್ಲಿ ಡ್ರಮ್ಮಿನಿಂದ ಪೆಟ್ರೋಲ್ ಅಳೆದು ಕೊಡ್ತಾರೆ, ನಮ್ಮ ಹಳ್ಳಿ ಕಿರಾಣಿ ಅಂಗಡಿಯಲ್ಲಿ ಸೀಮೆಎಣ್ಣೆ ಕೊಡುತ್ತಿದ್ದ ಹಾಗೆ. ಅಲ್ಲಿನ ದೊಡ್ಡ ದೊಡ್ಡ ಬಂಡೆಗಳ ನಡುವೆ ಮನೆಯೆತ್ತರದ ಕಾರ್ಡೋನ್ ಕಳ್ಳಿ. ಜೊತೆಗೆ ಬುಡ ದಪ್ಪ, ತುದಿ ಸಣ್ಣಗಾಗುತ್ತಾ ಹೋಗೋ ಸಿರಿಯೋ ಅನ್ನೋ ವಿಚಿತ್ರ ಮರ. ಹುಬ್ಬಳ್ಳಿ ಒಂದು ಬಂಡೆ ಹತ್ತಿ ಕೂತುಬಿಟ್ಟ. ಹಂಪಿ ನೆನಪಾಗ್ತದ ಅಂದ. ನಾನು ಗಡಿಯಾರ ನೋಡಿದೆ. ಶೀಟಿನ ಪ್ರಕಾರ ನಾವು ಎರಡು ಗಂಟೆ ಲೇಟ್.

ಬಾಹಾದಲ್ಲಿ ಗಾಡಿ ಓಡಿಸೋರು ಎಲ್ಲರೂ ಹೇಳೋ ಮಾತು ಒಂದೇ, ಕತ್ತಲಾದ ಮೇಲೆ ಓಡಿಸಬೇಡಿ. ಕಳ್ಳಕಾಕರ ಭಯಕ್ಕಿಂತ ರಸ್ತೆಯ ಕಾರಣಕ್ಕೆ. ಎರಡೇ ಲೇನ್, ಬಹಳಷ್ಟು ಕಡೆ ಪಕ್ಕದಲ್ಲಿ ಶೋಲ್ಡರ್ ಇಲ್ಲ, ಡಾಂಬರು ಮುಗಿದಲ್ಲಿ ನೇರ ಇಳಿಜಾರು. ಬೇಲಿಯಿಲ್ಲದ ಬಯಲಲ್ಲಿ ಮೇಯೋ ದನಗಳು ರಾತ್ರಿ ರಸ್ತೆಗೆ ಬರ್ತವೆ. ಇದೂ ನನ್ನ ಶೀಟಿನಲ್ಲಿ ಕೆಂಪಕ್ಷರದಲ್ಲಿ ಇತ್ತು. ಆದರೂ ಸಂಜೆ ಐದೂವರೆಗೆ ಮೈಸೂರು ‘ಇಲ್ಲೇ ಎಲ್ಲಾದ್ರೂ ನಿಲ್ಸೋಣ ಕಣೋ’ ಅಂದಾಗ ನಾನೇ ಹೇಳಿದ್ದು, ‘ಇನ್ನೆರಡು ಗಂಟೆ ಅಷ್ಟೇ, ಹೋಗೋಣ. ಇಲ್ಲಾಂದ್ರೆ ನಾಳೆದೆಲ್ಲ ಹಾಳಾಗುತ್ತೆ.’

ಕತ್ತಲಾಗಿ ಅರ್ಧ ಗಂಟೆ ಕಳೆದಿರಬೇಕು. ಒಂದು ತಿರುವು ಮುಗಿದ ತಕ್ಷಣ ಹೆಡ್‌ಲೈಟಿನಲ್ಲಿ ಕಪ್ಪು ಹಸುವೊಂದು ರಸ್ತೆಯ ಮಧ್ಯೆ ನಿಂತಿತ್ತು. ಮೈಸೂರು ಬ್ರೇಕ್ ಒತ್ತಿ ಬಲಕ್ಕೆ ಎಳೆದ. ಹಿಂದಿನ ಅಡುಗೆ ಕಪಾಟಿನಿಂದ ಪಾತ್ರೆಗಳೆಲ್ಲ ಉರುಳಿದವು. ಬಲಗಡೆ ಎರಡೂ ಚಕ್ರ ರಸ್ತೆ ಬಿಟ್ಟು ಕೆಳಗಿಳಿದವು, ವ್ಯಾನ್ ಒಂದು ಕಡೆಗೆ ವಾಲಿ ಮರಳಿನಲ್ಲಿ ಹೂತುಕೊಂಡು ನಿಂತಿತು. ಹತ್ತು ಅಡಿ ಮುಂದೆ ಹೋಗಿದ್ದರೆ ಅಲ್ಲಿ ಮರಳಿರಲಿಲ್ಲ, ಕಮರಿ ಇತ್ತು. ಟಾರ್ಚ್ ಹಿಡಿದು ನೋಡಿದಾಗ ನನ್ನ ಕಾಲು ನಡುಗಿತು. ಹಸು ಅಲ್ಲೇ ನಿಂತು ನಮ್ಮನ್ನು ನೋಡಿ, ನಿಧಾನಕ್ಕೆ ಹೊರಟುಹೋಯ್ತು.

ಫೋನಿಗೆ ನೆಟ್‌ವರ್ಕ್ ಇಲ್ಲ. ಮೆಕ್ಸಿಕೋದಲ್ಲಿ ಹೆದ್ದಾರಿ ಸಹಾಯಕ್ಕೆ ‘ಹಸಿರು ದೇವತೆಗಳು’ ಅನ್ನೋ ಅರ್ಥದ ಹೆಸರಿನ ಸರ್ಕಾರಿ ಸೇವೆ ಇದೆ, 078ಕ್ಕೆ ಕರೆ ಮಾಡಬೇಕು. ಆದರೆ ಕರೆ ಹೋಗಬೇಕಲ್ಲ! ಮುಕ್ಕಾಲು ಗಂಟೆ ಕಾದ ಮೇಲೆ ಒಂದು ಲಾರಿ ಬಂತು. ಐವತ್ತು ದಾಟಿದ ಡ್ರೈವರ್ ಇಳಿದು, ಮೊದಲು ನಮ್ಮ ನಾಲ್ವರ ಮುಖದ ಮೇಲೂ ಟಾರ್ಚ್ ಬಿಟ್ಟು ಯಾರಿಗೂ ಪೆಟ್ಟಾಗಿಲ್ಲ ಅಂತ ಖಾತ್ರಿ ಮಾಡ್ಕೊಂಡ. ಆಮೇಲೆ ಸರಪಳಿ ಕಟ್ಟಿ ವ್ಯಾನನ್ನು ಮೇಲೆಳೆದ. ಅಲ್ಪಸ್ವಲ್ಪ ಸ್ಪ್ಯಾನಿಷ್ ಬರುತ್ತಿದ್ದ ಶಿರಸಿ ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲೇ ಇಲ್ಲ. ‘ನೋ ಮಾನೆಹೆನ್ ದೆ ನೋಚೆ’ ಅಂತ ಎರಡು ಸಲ ಹೇಳಿದ. ರಾತ್ರಿ ಗಾಡಿ ಓಡಿಸಬೇಡಿ ಅಂತ. ಹುಬ್ಬಳ್ಳಿ ತನ್ನ ಬ್ಯಾಗಿನಿಂದ ಅಮ್ಮ ಕಳಿಸಿದ್ದ ಶೇಂಗಾ ಚಟ್ನಿಪುಡಿಯ ಪೊಟ್ಟಣ ತೆಗೆದು ಅವನ ಕೈಗಿಟ್ಟ. ಡ್ರೈವರ್ ಬೆರಳಲ್ಲಿ ಅದ್ದಿ ನೆಕ್ಕಿ, ಜೋರಾಗಿ ನಕ್ಕು, ಅದನ್ನು ಮಾತ್ರ ಜೇಬಿಗಿಳಿಸಿದ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬರೋ ಎಷ್ಟೋ ಸಾವಿರ ವರ್ಷ ಮೊದಲೇ ಮೆಕ್ಸಿಕೋದಲ್ಲಿ ಬೆಳೀತಿತ್ತಂತೆ. ಖಾರ ಅವರಿಗೇನು ಹೊಸದಲ್ಲ.

ಅವನ ಲಾರಿಯ ಹಿಂದೆ ನಿಧಾನಕ್ಕೆ ಹೋಗಿ ರಸ್ತೆ ಬದಿಯ ಪುಟ್ಟ ಹೋಟೆಲೊಂದರ ಅಂಗಳದಲ್ಲಿ ವ್ಯಾನ್ ನಿಲ್ಲಿಸಿದೆವು. ಅಲ್ಲಿ ಜಗಳ ಶುರುವಾಯ್ತು. ಮೈಸೂರು ನನ್ನ ಮೇಲೆ ಕೂಗಾಡಿದ. ತಪ್ಪು ನನ್ನದೇ ಅಂತ ಗೊತ್ತಿದ್ದೂ ನಾನು ವಾದ ಮಾಡಿದೆ, ‘ಇದೆಲ್ಲ ಯಾರಿಗೋಸ್ಕರ ಮಾಡಿದ್ದು? ಇವನಿಗೋಸ್ಕರ ತಾನೆ?’

ಅಲ್ಲಿತನಕ ಸುಮ್ಮನಿದ್ದ ಹುಬ್ಬಳ್ಳಿ ಹೇಳಿದ, ‘ನಂಗ ಕಾಬೋ ಬೇಕು ಅಂತ ನಾ ಯಾವಾಗ ಹೇಳೀನಿ? ಎರಡು ದಿನದಿಂದ ನಿನ್ನ ಹಿಂದಿನ ತಲಿ ನೋಡ್ಕೋತ ಕುಂತೀನಿ. ನಿಮ್ಮ ಜೋಡಿ ಒಂದು ಕಡೆ ಸುಮ್ಮ ಕುಂದರಬೇಕು ಅಂತ ಬಂದಾಂವ ನಾನು.’

ಯಾರೂ ಮಾತಾಡಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನಿಗೆ ಏನು ಬೇಕು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ ಅನ್ನೋದು ಆಗ ಹೊಳೀತು. ಬೆಳಿಗ್ಗೆ ಎದ್ದು ಮೈಸೂರಿಗೆ ಸಾರಿ ಕೇಳಿದೆ. ಶೀಟ್ ಡಿಲೀಟ್ ಮಾಡಿದೆ ಅಂತ ಹೇಳಿದ್ರೆ ಸಿನಿಮಾ ಥರ ಆಗುತ್ತೆ. ಡಿಲೀಟ್ ಮಾಡಲಿಲ್ಲ, ಆದರೆ ಆಮೇಲೆ ತೆಗೆಯಲೂ ಇಲ್ಲ.

ದೆವ್ವದ ಮೀನು

28ನೇ ಅಕ್ಷಾಂಶದಲ್ಲಿ ರಾಜ್ಯ ಬದಲಾಗುತ್ತೆ. ಗಡಿಯಾರ ಒಂದು ಗಂಟೆ ಮುಂದೆ. ಚೆಕ್‌ಪೋಸ್ಟಿನಲ್ಲಿ ನಮ್ಮ ಕಿತ್ತಳೆ ಹಣ್ಣುಗಳನ್ನು ತೆಗೆದುಕೊಂಡು, ವ್ಯಾನಿನ ಅಡಿಗೆ ಔಷಧಿ ಸಿಂಪಡಿಸಿದರು. ಬೆಳೆಗಳ ರೋಗ ದಾಟಿ ಬರದಿರಲಿ ಅಂತ. ಅಲ್ಲಿಂದಾಚೆಗೆ ಗೆರೆರೋ ನೆಗ್ರೋ, ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ಮಾಡೋ ಜಗತ್ತಿನ ಅತಿ ದೊಡ್ಡ ಉಪ್ಪಿನಾಗರ ಇರೋ ಊರು. ಪಕ್ಕದಲ್ಲೇ ಓಹೋ ದೆ ಲಿಯೆಬ್ರೆ ಹಿನ್ನೀರು. ಪ್ರತಿ ಚಳಿಗಾಲ ಬೂದು ತಿಮಿಂಗಿಲಗಳು ಉತ್ತರ ಧ್ರುವದ ಹತ್ತಿರದ ತಣ್ಣೀರಿನಿಂದ ಸಾವಿರಾರು ಕಿ.ಮೀ. ಈಜಿ ಮರಿ ಹಾಕಲು ಇಲ್ಲಿಗೆ ಬರ್ತವೆ.

ಮಾರನೇ ದಿನ ಬೆಳಿಗ್ಗೆ ಸಣ್ಣ ದೋಣಿಯಲ್ಲಿ ಹೋದೆವು. ದೋಣಿ ನಿಲ್ಲಿಸಿ ಸುಮ್ಮನೆ ಕಾಯಬೇಕು, ಬೆನ್ನಟ್ಟೋ ಹಾಗಿಲ್ಲ. ನಮ್ಮ ವ್ಯಾನಿಗಿಂತ ಎರಡು ಪಟ್ಟು ಉದ್ದದ ತಾಯಿ, ಅದರ ಪಕ್ಕ ಮರಿ. ಮರಿ ದೋಣಿಯ ಹತ್ತಿರ ಬಂತು. ತಾಯಿ ಕೆಳಗಿನಿಂದ ಅದನ್ನು ಇನ್ನಷ್ಟು ಮೇಲೆತ್ತಿದ ಹಾಗಿತ್ತು. ಶಿರಸಿಯ ಕೈಗೆ ಅದರ ಮೂತಿ ತಾಗಿತು. ನೆನೆದ ರಬ್ಬರಿನ ಹಾಗಿದೆ ಅಂದಳು.

1857ರ ಹೊತ್ತಿಗೆ ಚಾರ್ಲ್ಸ್ ಸ್ಕ್ಯಾಮನ್ ಎಂಬ ಅಮೆರಿಕದ ಬೇಟೆಗಾರ ಕ್ಯಾಪ್ಟನ್ ಇದೇ ಹಿನ್ನೀರನ್ನು ಪತ್ತೆಹಚ್ಚಿದ. ಎಣ್ಣೆಗಾಗಿ ಕೊಲ್ಲೋ ಕೆಲಸ ಶುರುವಾಯ್ತು. ಮರಿಯನ್ನು ಉಳಿಸಿಕೊಳ್ಳಲು ತಾಯಂದಿರು ದೋಣಿಗಳನ್ನು ಒಡೆದು ಹಾಕ್ತಿದ್ದವು. ಅದಕ್ಕೇ ಬೇಟೆಗಾರರು ಇವಕ್ಕಿಟ್ಟ ಹೆಸರು ‘ದೆವ್ವದ ಮೀನು’. ಈ ಜೀವಿ ಅಳಿವಿನ ಅಂಚಿಗೆ ಹೋಗಿ, ರಕ್ಷಣೆ ಸಿಕ್ಕ ಮೇಲೆ ಚೇತರಿಸಿಕೊಂಡಿತು. 1972ರಲ್ಲಿ ಮೆಕ್ಸಿಕೋ ಸರ್ಕಾರ ಈ ಹಿನ್ನೀರನ್ನು ತಿಮಿಂಗಿಲಗಳ ಆಶ್ರಯಧಾಮ ಅಂತ ಘೋಷಿಸಿತು. ಅದೇ ವರ್ಷ ದಕ್ಷಿಣದ ಸಾನ್ ಇಗ್ನಾಸಿಯೋ ಹಿನ್ನೀರಿನಲ್ಲಿ ಪಾಚಿಕೋ ಮಯೋರಾಲ್ ಎಂಬ ಮೀನುಗಾರ ತನ್ನ ದೋಣಿಯ ಪಕ್ಕ ಬಂದ ತಿಮಿಂಗಿಲವನ್ನು ಕೈಚಾಚಿ ಮುಟ್ಟಿದ. ಅಲ್ಲಿತನಕ ಮೀನುಗಾರರು ಇವನ್ನು ಕಂಡರೆ ದೋಣಿಯ ಹಲಗೆ ಬಡಿದು ದೂರ ಓಡಿಸ್ತಿದ್ದರಂತೆ.

ದಡಕ್ಕೆ ಬರುವಾಗ ಹುಬ್ಬಳ್ಳಿ ಮೊದಲ ಸಲ ಅಪ್ಪನ ವಿಷಯ ತೆಗೆದ. ಅಪ್ಪನ ಬಲಗೈ ಕೆಲಸ ಮಾಡ್ತಿಲ್ಲ, ವಿಡಿಯೋ ಕಾಲಿನಲ್ಲಿ ಆ ಕೈ ಕಾಣದ ಹಾಗೆ ಕೂರ್ತಾರೆ ಅಂದ.

ಒಂದೇ ಕಡೆ ಮೂರು ರಾತ್ರಿ

ಮುಂದೆ ಖರ್ಜೂರದ ಮರಗಳ ಸಾನ್ ಇಗ್ನಾಸಿಯೋ, ಫ್ರೆಂಚ್ ತಾಮ್ರ ಗಣಿ ಕಂಪನಿ ಕಟ್ಟಿದ ಸಾಂತಾ ರೊಸಾಲಿಯಾ ನೋಡಿದೆವು. ಆ ಊರಿನ ಚರ್ಚ್ ಪೂರ್ತಿ ಕಬ್ಬಿಣದ್ದು. ಪ್ಯಾರಿಸ್ಸಿನ ಗೋಪುರದ ಐಫೆಲ್ ವಿನ್ಯಾಸ ಅಂತ ಊರವರ ಹೆಮ್ಮೆ. ಅಲ್ಲಿಂದ ಮುಲೆಹೆ ದಾಟಿದರೆ ಬಾಹಿಯಾ ಕನ್ಸೆಪ್ಸಿಯೋನ್ ಕೊಲ್ಲಿ. ಅದರ ದಂಡೆಯ ಎಲ್ ರೆಕೆಸೋನ್ ಎಂಬಲ್ಲಿ ವ್ಯಾನ್ ನಿಲ್ಲಿಸಿದೆವು. ಅಲೆಯೇ ಇಲ್ಲದ ಹಸಿರು ನೀರು, ಎದುರಿಗೊಂದು ಪುಟ್ಟ ದ್ವೀಪ. ನೀರಿಳಿದಾಗ ದ್ವೀಪದವರೆಗೆ ಮರಳಿನ ದಾರಿ ತೆರೆದುಕೊಳ್ಳುತ್ತೆ, ನಡೆದೇ ಹೋಗಬಹುದು. ನೀರೇರಿದಾಗ ದಾರಿ ಮಾಯ.

ಕಾಬೋಗೆ ಇನ್ನೂ 600 ಕಿ.ಮೀ. ಇತ್ತು. ಯಾರೂ ಆ ಮಾತೆತ್ತಲಿಲ್ಲ.

ಮೂರು ರಾತ್ರಿ ಅಲ್ಲೇ ಇದ್ದೆವು. ಬೆಳಿಗ್ಗೆ ಒಬ್ಬ ಗಾಡಿಯಲ್ಲಿ ಕುಡಿಯೋ ನೀರು, ತಮಾಲೆ ಮಾರಿಕೊಂಡು ಬರ್ತಿದ್ದ. ಜೋಳದ ಟಾರ್ಟಿಯಾಗೆ ಚಟ್ನಿಪುಡಿ, ಮೊಸರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ರುಬ್ಬಿ ಟಾರ್ಟಿಯಾ ಮಾಡ್ತಾರೆ, ನಾವು ಎಲೆಯಡಿಕೆಗೆ ಹಚ್ಚೋ ಸುಣ್ಣದಂಥದ್ದೇ. ‘ರೊಟ್ಟಿಗಿಂತ ಸಣ್ಣದು, ಆದ್ರ ಮರ್ಯಾದಿಗೆ ಕಮ್ಮಿ ಇಲ್ಲ’ ಅಂತ ಹುಬ್ಬಳ್ಳಿ ಸರ್ಟಿಫಿಕೇಟ್ ಕೊಟ್ಟ. ಮಧ್ಯಾಹ್ನ ಇಸ್ಪೀಟು. ರಾತ್ರಿ ಹಾಸ್ಟೆಲಿನ ಹಳೇ ಕಥೆ. ವಾಪಸ್ ಹೋಗೋಕೆ ಅವನಿಗೆ ಖುಷಿ ಇತ್ತು, ಭಯವೂ ಇತ್ತು. ಎಂಟು ವರ್ಷದ ಕೆಲಸ, ಗ್ರೀನ್ ಕಾರ್ಡಿನ ಮುಗಿಯದ ಕ್ಯೂ ಎಲ್ಲ ಬಿಟ್ಟು ಹೋಗಿ, ನಾಳೆ ಅಪ್ಪನೇ ‘ಯಾಕೆ ಬಂದಿ’ ಅಂದ್ರೆ ಏನು ಹೇಳೋದು ಅಂದ. ನಮ್ಮಲ್ಲಿ ಉತ್ತರ ಇರಲಿಲ್ಲ. ಆದರೆ ಮೂರು ದಿನ ಅವನ ಮಾತು ಕೇಳೋಕೆ ಟೈಮ್ ಇತ್ತು.

ಹೊರಡೋ ಮುಂಚೆ

ವಾಪಸ್ ಬರೋ ಮೂರು ದಿನವೂ ಸಂಜೆ ನಾಲ್ಕೂವರೆಗೆ ಗಾಡಿ ನಿಲ್ಲಿಸಿದೆವು. ನೀವೂ ಹೋಗೋದಾದ್ರೆ ಇಷ್ಟು ನೆನಪಿಟ್ಟುಕೊಳ್ಳಿ. ಅರ್ಧ ಟ್ಯಾಂಕ್ ಆದ ತಕ್ಷಣ ಪೆಟ್ರೋಲ್ ತುಂಬಿಸಿ. ಪೆಸೋ ನಗದು ಇರಲಿ, ಮರುಭೂಮಿಯಲ್ಲಿ ಕಾರ್ಡ್ ನಡೆಯಲ್ಲ. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಸೇನೆಯ ಚೆಕ್‌ಪೋಸ್ಟ್‌ಗಳಲ್ಲಿ ಗಾಬರಿ ಬೇಡ, ಕೇಳಿದ್ದಕ್ಕೆ ಉತ್ತರ ಕೊಟ್ಟು, ಗಾಡಿ ತೋರಿಸಿದ್ರೆ ಸಾಕು. ಮುಂದಿನ ಲಾರಿ ಎಡಗಡೆ ಇಂಡಿಕೇಟರ್ ಹಾಕಿದ್ರೆ ‘ಓವರ್‌ಟೇಕ್ ಮಾಡು’ ಅಂತಲೂ ಇರಬಹುದು, ‘ನಾನು ಎಡಕ್ಕೆ ತಿರುಗ್ತೀನಿ’ ಅಂತಲೂ ಇರಬಹುದು, ಆದ್ದರಿಂದ ನಿಮ್ಮ ಕಣ್ಣನ್ನೇ ನಂಬಿ. ಮತ್ತೆ, ಯಾರ ಜೊತೆ ಹೋಗ್ತೀರೋ ಅವರಿಗೆ ಏನು ಬೇಕು ಅಂತ ಮೊದಲೇ ಕೇಳಿ.

ಹುಬ್ಬಳ್ಳಿ ಈಗ ಹುಬ್ಬಳ್ಳಿಯಲ್ಲೇ ಇದ್ದಾನೆ, ಮನೆಯಿಂದಲೇ ಕೆಲಸ. ಹೋದ ವಾರ ಒಂದು ಫೋಟೋ ಕಳಿಸಿದ್ದ. ಅಪ್ಪ ಎಡಗೈಯಲ್ಲಿ ಚಹಾದ ಲೋಟ ಹಿಡಿದು ಕಟ್ಟೆ ಮೇಲೆ ಕೂತಿದ್ದಾರೆ. ಬಲಗೈ ಮಡಿಲ ಮೇಲಿದೆ, ಮುಚ್ಚಿಟ್ಟುಕೊಂಡಿಲ್ಲ.